ಪ್ರೋಬಿನ ಕುಳಿಯಲ್ಲಿ ಒಣಗಿದ ವಿಭೂತಿ

ಆಟೋ ನಗರದ ಆ ಶೆಡ್ಡಿನ ತೊಟ್ಟಿಯ ನೀರು ನೆನಪಾದರೆ ನನಗೆ ಈಗಲೂ ಹೇಸಿಗೆ. ಪಾಚಿ, ಎಣ್ಣೆ, ಯಾರೋ ಉಗುಳಿದ ತಂಬಾಕು. ಎಂಬತ್ತರ ದಶಕದಲ್ಲಿ ಆ ಹೊಲಸಿನೊಳಗೆ ಕಬ್ಬಿನ ಗಾಣದ ಶಾಫ್ಟ್‌ಗಳನ್ನು ಮುಳುಗಿಸಿ, ಕಿವಿಗೆ ಕೇಳದ ದನಿ ಬಿಟ್ಟು, ಒಳಗಿನ ಬಿರುಕು ಹುಡುಕುವುದು ನನ್ನ ಕೆಲಸ. ಬಿರುಕಿಗೆ ಬಡಿದು ದನಿ ತಿರುಗಿ ಬಂದರೆ ಯಂತ್ರದ ಪರದೆಯ ಮೇಲೆ ಗೆರೆ ಏಳುತ್ತಿತ್ತು. ಏಳದಿದ್ದರೆ ಶಾಫ್ಟಿನ ಮೇಲೆ ಹಳದಿ ಬಣ್ಣದಲ್ಲಿ ನನ್ನ ಗುರುತು ಹಾಕಿ ಕಳಿಸುತ್ತಿದ್ದೆ.

ದನಿ ಬಿಡುವ ಪ್ರೋಬನ್ನೂ ನಾನೇ ಮಾಡುತ್ತಿದ್ದೆ. ಅದರ ಮುಖಕ್ಕೆ ಬಟ್ಟಲಿನಂತೆ ತಗ್ಗು ಮಾಡಿದ ಪ್ಲಾಸ್ಟಿಕ್ ಲೆನ್ಸು. ಅದು ದನಿಯನ್ನು ಒಂದೇ ಆಳದಲ್ಲಿ ಕೂಡಿಸುತ್ತಿತ್ತು. ಅಲ್ಲಿ ಕೂದಲೆಳೆಯಷ್ಟು ಬಿರುಕೂ ಸಿಗುತ್ತಿತ್ತು, ಇನ್ನೆರಡು ಇಂಚು ಕೆಳಗೆ ಹೋದರೆ ಕುರುಡು. ಬೀಡಿ ಎಂಬ ಹಳ್ಳಿಯಲ್ಲಿ ನನ್ನ ಅಕ್ಕನ ಗಂಡ, ನಮ್ಮ ಮಾವ, ಇಂಥದೇ ಗಾಣಕ್ಕೆ ಕೈಯಾರೆ ಕಬ್ಬು ಕೊಡುತ್ತಿದ್ದ. ಶಾಫ್ಟ್ ಮುರಿದು ಕಬ್ಬು ಹಿಂಡುವ ರೋಲು ಎಗರಿದರೆ ಕೈ ಉಳಿಯುವುದಿಲ್ಲ. ಅದಕ್ಕೇ ತಿಂಗಳುಗಟ್ಟಲೆ ಲೇಥಿನ ಮುಂದೆ ನಿಂತು ಹೊಸ ಲೆನ್ಸು ಮಾಡಿದೆ. ಬಟ್ಟಲಿನ ಬದಲು ಆಲಿಕೆಯಂತೆ ಚೂಪಾಗಿ ಇಳಿಯುವ ಕುಳಿ. ಗೆರೆ ತುಸು ಗಿಡ್ಡ, ಆದರೆ ಶಾಫ್ಟಿನ ನಡುವಿನವರೆಗೂ ಎಲ್ಲ ಕಾಣುತ್ತಿತ್ತು.

ಗಾಣ ಮಾಡುವ ಕಂಪನಿಯವರು ಅದನ್ನು ನೋಡಲು ಬರುವ ದಿನ ಮಾಲೀಕರ ತಾಯಿ ಬೆಳಿಗ್ಗೆಯೇ ಬಂದು ಪೂಜೆ ಮಾಡಿದರು. ಹೊಸದೇನು ಬಂದರೂ ಅವರ ಕೈಯ ವಿಭೂತಿ ಬೀಳಬೇಕು, ಅದು ಆ ಶೆಡ್ಡಿನ ಪದ್ಧತಿ. ಹಳೆಯ ಬಟ್ಟಲಾಗಿದ್ದರೆ ನೀರಲ್ಲಿ ಅದ್ದಿದೊಡನೆ ತೊಳೆದು ಹೋಗುತ್ತಿತ್ತು. ಈ ಕುಳಿಯ ತುದಿಯಲ್ಲಿ ಒದ್ದೆ ವಿಭೂತಿ ಒಣಗಿ, ಗಾಳಿ ಹಿಡಿದುಕೊಂಡು ಗಟ್ಟಿಯಾಗಿ ಕೂತಿತು. ಗಾಳಿಯನ್ನು ದಾಟಿ ಆ ದನಿ ಹೋಗುವುದಿಲ್ಲ. ಬಂದವರೆದುರು ಪರದೆ ಬೋಳಾಗಿ ಉಳಿಯಿತು.

ನನಗೆ ತಕ್ಷಣ ಗೊತ್ತಾಯಿತು. ಬೆರಳಿನಿಂದ ತಿಕ್ಕಿ ತೊಳೆದರೆ ಸಾಕಿತ್ತು. ಆದರೆ ಮಾಲೀಕರ ತಾಯಿ ಎದುರಿಗೇ ಕೈಮುಗಿದು ಕೂತಿದ್ದರು. ಅವರ ಕಣ್ಣೆದುರೇ ಅದನ್ನು ತಿಕ್ಕಿ ತೆಗೆಯಲು ಕೈ ಬರಲಿಲ್ಲ, ನಿಮ್ಮ ವಿಭೂತಿಯಿಂದ ಕೆಟ್ಟಿತು ಎನ್ನಲು ನಾಲಿಗೆ ಏಳಲಿಲ್ಲ. ಮಾಲೀಕರು ಹಳೆಯ ಪ್ರೋಬನ್ನೇ ಇಳಿಸಿದರು. ಪರೀಕ್ಷೆಗೆಂದು ಮಾದರಿ ಉಕ್ಕಿನ ತುಂಡಿನೊಳಗೆ ಕೊರೆದಿದ್ದ ತೂತು ಅದಕ್ಕೆ ಕಾಣುವ ಆಳದಲ್ಲೇ ಇತ್ತು. ಗೆರೆ ನೆಟ್ಟಗೆ ಎದ್ದಿತು, ಎಲ್ಲರಿಗೂ ಖುಷಿ.

ಮರುದಿನ ಹೊಸದನ್ನು ತೊಳೆದು ತೋರಿಸಹೋದೆ. "ಅವರು ಹಳೇದು ಒಪ್ಪ್ಯಾರ. ನಿನ್ನ ಹುಚ್ಚು ಸಾಕಿನ್ನ," ಎಂದರು ಮಾಲೀಕರು. ಕುರುಡು ಪ್ರೋಬು ಎಂದು ಗೊತ್ತಿದ್ದೂ ಶಾಫ್ಟಿನ ಮೇಲೆ ಶಾಫ್ಟಿಗೆ ನನ್ನ ಗುರುತು ಬಳಿಯುತ್ತ ಹೋದೆ. ಥೂ, ಅದೂ ಒಂದು ಕೆಲಸವೇ.

ಮುಂದಿನ ಸಲ ಕಬ್ಬು ಅರೆಯುವ ಹೊತ್ತಿಗೆ ಬೀಡಿಯಿಂದ ಕರೆ ಬಂತು. ಹೋಗಿ ನೋಡಿದರೆ ಮಾವನ ಬಲಗೈಯಲ್ಲಿ ಎರಡೇ ಬೆರಳು. ತುಂಡಾದ ಶಾಫ್ಟ್ ಅಂಗಳದಲ್ಲಿ ಬಿದ್ದಿತ್ತು. ನಟ್ಟನಡುವೆ ಹಳೆಯ ಕರಿ ಬಿರುಕು, ಹೊರಗೆ ನನ್ನ ಹಳದಿ ಗುರುತು ಇನ್ನೂ ಮಾಸಿರಲಿಲ್ಲ. ಮಾವ ಬಯ್ಯಲಿಲ್ಲ.

"ಅಂಗಡ್ಯಾಗ ನಾಕು ಶಾಫ್ಟ್ ಇದ್ದುವು. ನಿನ್ನ ಗುರುತ ನೋಡೇ ಇದನ್ನ ಆರಿಸಿ ತಂದಿದ್ದೆ," ಎಂದ.

ಅಕ್ಕ ಊಟಕ್ಕೆ ಬಡಿಸಿದಳು. ನನ್ನ ಕೈಯಿಂದ ತುತ್ತು ಎತ್ತಲು ನನಗೇ ಹೇಸಿಗೆಯಾಯಿತು.