ಹೊಸ್ತಿಲಾಚೆಯ ಹಿಡಿ ಅನ್ನ

ಪರಿಸರ ಪ್ರವಾಸ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಇಂದಿಗೂ ಸೋದರತ್ತೆಯ ನೆನಪಾಗಿ ಮೈ ಉರಿಯುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಚೆನ್ನೈನ ನುಂಗಂಬಾಕ್ಕಂನಲ್ಲಿ ಒಂದು ಸಣ್ಣ ಟ್ರಾವೆಲ್ ಆಫೀಸಿನಲ್ಲಿದ್ದೆ. ಬಾಲಿ ದ್ವೀಪದಲ್ಲಿ ಜ್ವಾಲಾಮುಖಿಯ ಮಗ್ಗುಲಿಗಿದ್ದ ಒಂದು ಹಳ್ಳಿಗೆ ಜನರನ್ನು ಕರೆದೊಯ್ಯುವುದು ನನ್ನ ಯೋಜನೆ. ಹೋಟೆಲ್ ಇಲ್ಲ, ಹಳ್ಳಿಯವರದೇ ಒಂದು ಮನೆಯಲ್ಲಿ ವಾಸ. ಮನೆಯಾಕೆ ಸದ್ಯಕ್ಕೆ ಒಂದು ತಂಡಕ್ಕೆ ಮಾತ್ರ ಒಪ್ಪಿದ್ದಳು. ನಮ್ಮ ನಡತೆ ಹಿಡಿಸದಿದ್ದರೆ ಯೋಜನೆ ಅಲ್ಲಿಗೇ ಮುಗಿಯಿತು. ಅದಕ್ಕೇ ಎರಡು ಪುಟದ ನಿಯಮಗಳನ್ನು ಟೈಪು ಮಾಡಿ ಎಲ್ಲರಿಗೂ ಹಂಚಿದ್ದೆ.

ಕೊನೆ ಗಳಿಗೆಯಲ್ಲಿ ಒಬ್ಬರು ತಪ್ಪಿಸಿಕೊಂಡರು. ಆ ಜಾಗಕ್ಕೆ ಪಲ್ಲಾವರಂನಿಂದ ಅತ್ತೆ ಬಂದರು, ಮಡಿಸೀರೆ, ಅವಲಕ್ಕಿ, ಪುಳಿಯೋಗರೆ ಗೊಜ್ಜಿನ ಸಮೇತ. ನನ್ನ ನಿಯಮದ ಹಾಳೆ ಎಣ್ಣೆ ಸೋರುವ ಗೊಜ್ಜಿನ ಡಬ್ಬಿಯ ಅಡಿಗೆ ಹೋಯಿತು.

ಆ ಮನೆಯಾಕೆ ದಿನಾ ಬೆಳಿಗ್ಗೆ ಎಲೆಯ ಪುಟ್ಟ ತಟ್ಟೆಯಲ್ಲಿ ಹಿಡಿ ಅನ್ನ, ಹೂವು, ಊದುಬತ್ತಿ ಇಟ್ಟು ಹೊಸ್ತಿಲಾಚೆ ನೆಲದ ಮೇಲೆ ಇರಿಸುತ್ತಿದ್ದಳು. ಆಕೆ ಬೆನ್ನು ತಿರುಗಿಸಿದ ಕೂಡಲೇ ಅತ್ತೆ ಅದನ್ನು ಎತ್ತಿ ಅಂಗಳದಲ್ಲಿದ್ದ ಮನೆದೇವರ ಗುಡಿಯ ಕಟ್ಟೆಯ ಮೇಲಿಡುತ್ತಿದ್ದರು. ಆಕೆ ಮತ್ತೊಂದು ತಂದಿಟ್ಟರೆ ಅದೂ ಮೇಲಕ್ಕೆ.

“ಅತ್ತೆ, ಅದನ್ನ ಮುಟ್ಟಬೇಡಿ” ಎಂದೆ.

“ಸಾಮಿಗೆ ಇಟ್ಟ ಅನ್ನನ ವಾಸಲ್‌ನಲ್ಲಿ, ಬಾಗಿಲ ಮುಂದೆ, ಬಿಡ್ತಾರೇನೆ? ಯಾರಾದ್ರೂ ತುಳಿದ್ರೆ ಪಾಪ ಯಾರಿಗೆ?”

ಮೂರನೆಯ ದಿನ ಗೈಡ್ ನನ್ನನ್ನು ಪಕ್ಕಕ್ಕೆ ಕರೆದ. ನೆಲದ ಮೇಲಿಟ್ಟದ್ದು ದೇವರಿಗಲ್ಲ, ನೆಲದಲ್ಲಿರುವ ಭೂತಗಳಿಗೆ. ಅವು ಮೂರು ದಿನದಿಂದ ಉಪವಾಸವಂತೆ. ಮನೆಯಾಕೆಗೆ ಇನ್ನು ಅತಿಥಿಗಳೇ ಬೇಡವಂತೆ. ನನಗೆ ತಲೆ ಕೆಟ್ಟುಹೋಯಿತು. ಹೋಗಿ ಅತ್ತೆಯ ಮೇಲೆ ಹರಿಹಾಯ್ದೆ.

ಅತ್ತೆ ಗೊಜ್ಜಿನ ಡಬ್ಬಿಯ ಅಡಿಯಿಂದ ನನ್ನ ಹಾಳೆಯನ್ನು ಎಳೆದು ತೆಗೆದರು. “ನಿಮ್ಮಪ್ಪ ಊಟಕ್ಕೆ ಮುಂಚೆ ಎಲೆ ಪಕ್ಕ ನೆಲದ ಮೇಲೆ ನಾಲ್ಕು ಅಗುಳು ಇಡ್ತಿರಲಿಲ್ವಾ, ಚಿತ್ರಾಹುತಿ ಅಂತ, ಯಮನಿಗೆ, ಚಿತ್ರಗುಪ್ತನಿಗೆ? ಇದೂ ಹಾಗೇ ಅಂತ ನಿನ್ನ ಕಾಗದದಲ್ಲಿ ಎಲ್ಲಿ ಬರ್ದಿದ್ದೀಯ?”

ಬರೆದಿರಲಿಲ್ಲ. ‘ಹೂವಿನ ಅಲಂಕಾರಗಳನ್ನು ಮುಟ್ಟಬೇಡಿ’ ಎಂದಿತ್ತು. ಅಪ್ಪ ಇಡುತ್ತಿದ್ದ ಅಗುಳುಗಳನ್ನು ನಾನು ದಿನಾ ಗೊಣಗುತ್ತಲೇ ಒರೆಸಿದವಳು. ನಾಚಿಕೆಯಾಯಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮರುದಿನದಿಂದ ಅತ್ತೆ ಹೊಸ್ತಿಲ ಕಾವಲಿಗೇ ಕೂತರು. ನಮ್ಮವರು ಯಾರು ಹೊರಟರೂ “ಪಾತ್ತು, ಪಾತ್ತು, ಕೆಳಗೆ ನೋಡಿ” ಎನ್ನುತ್ತಿದ್ದರು. ಮನೆಯಾಕೆಯ ಪಕ್ಕ ಕೂತು ಎಲೆ ಹೆಣೆಯುವುದನ್ನೂ ಕಲಿತರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೂ ಮಾತು ನಿಲ್ಲದು.

ಹೊರಡುವ ದಿನ ವ್ಯಾನು ತಡವಾಯಿತೆಂದು ಗೈಡ್‌ನ ಮೊಬೈಲಿನಲ್ಲಿ ಕೂಗಾಡುತ್ತಾ ಹೊರಗೆ ಕಾಲಿಟ್ಟೆ. ಚಪ್ಪಲಿಯ ಅಡಿಯಲ್ಲಿ ಏನೋ ಮೆತ್ತಗಾಯಿತು. ಊದುಬತ್ತಿ ಇನ್ನೂ ಹೊಗೆಯಾಡುತ್ತಿತ್ತು. ಅತ್ತೆ ಬೈಯಲಿಲ್ಲ. ತಾವೇ ಹೆಣೆದ ಇನ್ನೊಂದು ತಟ್ಟೆಯನ್ನು ಮನೆಯಾಕೆಗೆ ಕೊಟ್ಟು, ನನ್ನ ಚಪ್ಪಲಿಯನ್ನು ಬಿಡಿಸಿ ದೂರಕ್ಕೆ ಸರಿಸಿದರು.

ಚೆನ್ನೈಗೆ ಬಂದ ವಾರಕ್ಕೆ ಗೈಡ್ ಫೋನ್ ಮಾಡಿದ. ಮನೆಯಾಕೆ ಎರಡನೆಯ ತಂಡಕ್ಕೆ ಒಪ್ಪಿದ್ದಳು. ಜೊತೆಗೆ ಹೊಸ್ತಿಲು ಕಾಯುವ ಅಜ್ಜಿಯನ್ನು ಕಳಿಸಬೇಕಂತೆ. ಕಾಗದ ಹಂಚುವ ಹೆಂಗಸು ಬರುವ ಅಗತ್ಯವಿಲ್ಲವಂತೆ.