ಕಾಗೆಬಂಗಾರದ ಗುಂಡಿಯ ಮೇಲೆ ಹೊನ್ನಾರು

ಮಹಾಯುದ್ಧ ಮುಗಿಯಿತು, ಸೇನೆಯ ರೇಡಿಯೊಗಳಿಗೆ ಹೋಗುತ್ತಿದ್ದ ಕಾಗೆಬಂಗಾರವನ್ನು ಕೇಳುವವರಿಲ್ಲದಾಯಿತು. ಮಳವಳ್ಳಿಯ ಆಚೆಗಿದ್ದ ನಮ್ಮ ಗಣಿಯೂ ಮುಚ್ಚಿತು. ಗಣಿ ಎಂದರೆ ಒಬ್ಬ ಮುದುಕಿಯ ರಾಗಿ ಹೊಲದಲ್ಲಿ ತೋಡಿದ ದೊಡ್ಡ ಗುಂಡಿ, ಅಷ್ಟೇ. ಅಗೆಯಲು ಬಿಡುವಾಗಲೇ ಆಕೆ ಮಾತು ತೆಗೆದುಕೊಂಡಿದ್ದಳು: ಹೊಲವನ್ನು ಉಳುವ ಹಾಗೆ ಮಾಡಿ ವಾಪಸು ಕೊಡಬೇಕು. ಕೂಲಿಯವರು ಮಂಡ್ಯದ ಕಡೆ ಹೋದರು. ಗುಂಡಿ ಮುಚ್ಚಿಸಲು ಮೇಸ್ತ್ರಿಯಾದ ನಾನೊಬ್ಬ ಉಳಿದೆ. ಹೆಂಡತಿ ತೀರಿಕೊಂಡಿದ್ದಳು, ಎಲ್ಲಿ ಬಿಟ್ಟರೂ ಯಾಕೆಂದು ಕೇಳುವವರಿಲ್ಲದ ಮನುಷ್ಯನನ್ನು ಆರಿಸುವುದು ಮಾಲೀಕರಿಗೂ ಕಷ್ಟವಾಗಿರಲಿಕ್ಕಿಲ್ಲ.

ಕೆಳಗೆ ಗಣಿಯ ಕಲ್ಲು, ಮೇಲೆ ಬೇರೆಯಾಗಿ ಗುಡ್ಡೆ ಹಾಕಿಸಿದ್ದ ಹೊಲದ ಮಣ್ಣು, ಅದರ ಮೇಲೆ ಕೆರೆಯ ಗೋಡುಮಣ್ಣು. ಗಾಡಿಯವರು ಸುರಿದು ಹೋದರು. ಮಳೆಗಾಲದಲ್ಲಿ ನೆಲ ಅಲ್ಲಲ್ಲಿ ಕುಸಿಯಿತು, ನಾನು ಮತ್ತೆ ತುಂಬಿದೆ. ಸುಗ್ಗಿಯಾದ ಮೇಲೆ ಕುರುಬರನ್ನು ಕಾಡಿ ಕುರಿಮಂದೆ ನಿಲ್ಲಿಸಿದೆ. ಗೊಬ್ಬರಕ್ಕೆ ಅಂತ ಹೇಳಿದೆ. ಹೊಲದಂಚಿನ ನನ್ನ ಗುಡಿಸಲಿನ ಹೊರಗೆ ಏನಾದರೂ ಉಸಿರಾಡಲಿ ಅನ್ನುವ ಆಸೆಯೂ ಇತ್ತು. ಮಂದೆ ಹೋದ ದಿನ ಊಟ ಸೇರಲಿಲ್ಲ.

ಆಮೇಲೆ ದಿನವೂ ನಾನೇ ತುಳಿಯತೊಡಗಿದೆ. ಒಳಗೆಲ್ಲೋ ಟೊಳ್ಳು ಉಳಿದಿದ್ದರೆ? ಬಾಗಿಲು ಹಾಕಿ ಬಂದೆನೇ ಎಂದು ದಾರಿಯಿಂದ ಹಿಂತಿರುಗುವ ಜಾತಿ ನನ್ನದು. ಮುದುಕಿ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು.

“ಇನ್ನೂ ಒಸಿ ಜೋರಾಗಿ ತುಳಿ ಮೇಸ್ತ್ರಿ. ಕೊಕ್ಕರೆ ನಡ್ದಂಗೆ ನಡುದ್ರೆ ಮಣ್ಣು ಕೂತದಾ?”

ಯುಗಾದಿ ಬಂತು. ಹೊಸ ವರ್ಷದ ಮೊದಲ ಉಳುಮೆಗೆ ಊರೆಲ್ಲ ಒಟ್ಟಾಗಿ ಕಟ್ಟುವ ನೇಗಿಲೇ ಹೊನ್ನಾರು. ಅದು ತನ್ನ ಹೊಲಕ್ಕೂ ಬರಬೇಕೆಂದು ಮುದುಕಿ ಕೇಳಿದಾಗ ಅರಳಿಕಟ್ಟೆಯಲ್ಲಿ ಊರ ಗೌಡರು ಅಡ್ಡಡ್ಡ ತಲೆಯಾಡಿಸಿದರು.

“ಅಲ್ಲಿಗ್ ಬ್ಯಾಡ ಕಣಮ್ಮ. ಒನ್ನಾರಿನ ಎತ್ತು ಕುಸುದ್ರೆ ಊರಿಗೇ ಕೇಡು.”

“ಒನ್ನಾರು ಬರ್ದಿದ್ರೆ ಅದು ಒಲಾನಾ? ಬೀಳು ಅಂತ ನಾಳಿಕೇ ಕಸ ತಂದು ಸುರೀತೀರ,” ಅಂದಳು ಮುದುಕಿ.

ಗೌಡರು ನನ್ನ ಕಡೆ ತಿರುಗಿದರು. “ತಡೀತದಾ ಮೇಸ್ತ್ರಿ?”

“ತಡೀತದೆ ಗೌಡ್ರೇ.” ಹೆದರಲು ಪುರಸೊತ್ತಾಗುವ ಮೊದಲೇ ಮಾತು ಬಾಯಿಂದ ಬಿದ್ದಿತ್ತು. “ಕುಸುದ್ರೆ ನಾನೇ ನೊಗಕ್ಕೆ ಕುತ್ತಿಗೆ ಕೊಡ್ತೀನಿ.”

“ನಿನ್ನ ಕಟ್ಕಂಡು ಉತ್ರೆ ದೀಪಾವಳಿಗೂ ಒಂದ್ ಸಾಲು ಮುಗಿಯಾಕಿಲ್ಲ, ಬುಡಪ್ಪಾ!” ಎಂದ ಹಿಂದಿನಿಂದ ಒಬ್ಬ. ಎಲ್ಲರೂ ನಕ್ಕರು. ಗೌಡರೂ ನಕ್ಕು, ಆಗಲಿ ಎಂದರು.

ಎತ್ತುಗಳು ಬಂದವು, ಕೊಂಬಿಗೆ ಹೂವು ಸುತ್ತಿಕೊಂಡು. ಗುಂಡಿಯಿದ್ದ ಜಾಗಕ್ಕೆ ಬಂದಾಗ ನಾನು ಅವುಗಳ ಗೊರಸನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಒಂದರ ಕಾಲು ಸ್ವಲ್ಪ ಇಳಿಯಿತು. ನನ್ನ ಜೀವವೂ ಇಳಿಯಿತು. ಎತ್ತು ಬಾಲ ಬೀಸಿ ಕಾಲು ಕಿತ್ತುಕೊಂಡು ಮುಂದೆ ನಡೆಯಿತು. ನೇಗಿಲ ಸಾಲಿನಲ್ಲಿ ಕಾಗೆಬಂಗಾರದ ಚೂರುಗಳು ಮಿನುಗಿದವು. ಮುದುಕಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮೂಸಿ ನೋಡಿದಳು.

ಹೊನ್ನಾರು ಮುಂದಿನ ಹೊಲಕ್ಕೆ ದಾಟಿತು, ಊರೂ ಅದರ ಹಿಂದೆ ದಾಟಿತು. ನಾನು ಅಲ್ಲೇ ನಿಂತಿದ್ದೆ. ನಾಳೆ ಬೆಳಿಗ್ಗೆ ಎದ್ದು ಏನು ಮಾಡುವುದೆಂದು ಹೊಳೆಯಲಿಲ್ಲ. ಕಾಲು ತಾನಾಗಿಯೇ ಎತ್ತಿ ಎತ್ತಿ ನೆಲ ತುಳಿಯುತ್ತಿತ್ತು.

ಬದುವಿನಿಂದ ಮುದುಕಿ ಕೂಗಿದಳು: “ಲೇ ಮೇಸ್ತ್ರಿ, ಉತ್ತಿರೋ ಒಲ ಯಾಕ್ಲಾ ತುಳೀತಿದ್ದೀಯ? ಈಚೆ ಬಾ.”

ಸಾಲು ಕೆಡದ ಹಾಗೆ ಕೊಕ್ಕರೆಯಂತೆ ಹೆಜ್ಜೆಯಿಟ್ಟು ಬದುವಿಗೆ ಬಂದೆ.