ಅಂಟು ಹತ್ತಿದ ಪುಟ

ಸದಾಶಿವ ಪೇಠೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವುದು ನನ್ನ ಕೆಲಸ. ನಾನು ಶಾಲೆ ಕಲಿತದ್ದು ಎರಡನೇ ಇಯತ್ತೆವರೆಗೆ. ಆದರೂ ಯಾವ ಪುಸ್ತಕ ಚಲೋ ಅಂತ ಯಾರಾದರೂ ಕೇಳಿದರೆ ಹೇಳಿಬಿಡುತ್ತಿದ್ದೆ. ಹೆಚ್ಚು ಸವೆದದ್ದೇ ಚಲೋ ಪುಸ್ತಕ. ಅಷ್ಟೇ ನನ್ನ ವಿದ್ಯೆ.

ಹೆಂಡತಿ ತೀರಿಕೊಂಡ ವರ್ಷ, ವಾಚನಾಲಯ ನೋಡಿಕೊಳ್ಳುವ ಮಾಸ್ತರರು ಬಂದರು. ನಮ್ಮ ಧಾರವಾಡ ಕಡೆಯವರು. ರಟ್ಟು ಕಟ್ಟಲು ಕೊಟ್ಟ ಅವರ ಎರಡು ಪುಸ್ತಕ ತಿಂಗಳುಗಟ್ಟಲೆ ನನ್ನಲ್ಲೇ ಬಿದ್ದಿದ್ದವು. ಒಂದು ಮಂಗ ಮನುಷ್ಯನಾದದ್ದು, ಇನ್ನೊಂದು ಹಕ್ಕಿಗಳದು.

"ಮೊದಲು ಯಾವುದು ಓದಲಿ?" ಎಂದು ಕೇಳಿದರು.

"ಹಕ್ಕೀದು ಓದ್ರಿ, ಊರೆಲ್ಲ ಓದಿ ಸವದದ. ಮಂಗ್ಯಾನ ಪುಸ್ತಕ ಯಾರೂ ಮುಟ್ಟಿಲ್ಲ."

"ನಿಮ್ಮನ್ನ ನೋಡಿದ್ರ ಮಂಗ್ಯಾ ಮನುಷ್ಯಾ ಆದದ್ದೂ ಖರೇನ ಇರಬೇಕು ಬಿಡ್ರಿ," ಎಂದು ನಗುತ್ತ ಹಕ್ಕಿಯ ಪುಸ್ತಕ ಒಯ್ದರು.

ಎಂಟು ದಿನಕ್ಕೆ ತಿರುಗಿ ಬಂದರು. "ಏನ್ರಿ ಇದು? ಸವೆದದ್ದು ಒಂದ ಪುಟ!"

ಆ ಪುಟದ ತುಂಬ ಅಂಟು ಹತ್ತಿದ ಹೆಬ್ಬೆರಳಿನ ಗುರುತು. ಮರದ ಪೊಟರೆಯಲ್ಲಿ ಕೂತ ಹೆಣ್ಣುಹಕ್ಕಿಗೆ ಗಂಡುಹಕ್ಕಿ ಹಣ್ಣು ತಿನ್ನಿಸುವ ಚಿತ್ರ.

ನನ್ನಲ್ಲಿ ಅಂಟು ಕಲಸುತ್ತಿದ್ದವಳು ಹೆಂಡತಿ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಬಿಡುವಾದಾಗೆಲ್ಲ ಆ ಚಿತ್ರ ತೆಗೆದು ತೋರಿಸುತ್ತಿದ್ದಳು. "ನೋಡ್ರಿ, ಗಂಡ ಅಂದ್ರ ಹಿಂಗಿರಬೇಕು. ನೀವು ಒಂದು ತಂಬಗಿ ನೀರಾದ್ರೂ ಕೊಟ್ಟೀರೇನು?" ನಾನು ತಲೆ ಎತ್ತದೆ ಪುಟ ಹೊಲಿಯುತ್ತಿದ್ದೆ.

ಊರೆಲ್ಲ ಓದಿದ್ದು ಅಂತ ನಾನು ಹೊಗಳಿದ ಪುಸ್ತಕವನ್ನು ನೋಡಿದ್ದು ಅವಳೊಬ್ಬಳೇ.

"ಕಲೆ ತೆಗೀರಿ," ಎಂದರು ಮಾಸ್ತರರು.

"ಹೋಗೂದಿಲ್ರಿ," ಎಂದೆ.

ಒದ್ದೆ ಅರಿವೆಯಿಂದ ಒರೆಸಿದರೆ ಹೋಗುವ ಕಲೆ ಅದು.

ಈಗಲೂ ಯಾರು ಕೇಳಿದರೂ ಹಕ್ಕಿಯ ಪುಸ್ತಕವನ್ನೇ ಹೇಳುತ್ತೇನೆ. ಮಂಗನದು ನಾನಿನ್ನೂ ಓದಿಲ್ಲ. ಮಂಗ ಮನುಷ್ಯನಾಗಲು ಭಾಳ ವರ್ಷ ಬೇಕು ಅನ್ನುವುದು ಮಾತ್ರ ಗೊತ್ತಾಗಿದೆ.